ಬೆನ್ನ ಮೇಲೆ ಮೂಡಿದ ನೀಲಿ

ವಿವರಿಸಲಾಗದ ಸಂಗತಿ ಎಂದು ಯಾರಾದರೂ ಮಾತು ಶುರು ಮಾಡಿದರೆ ಎದ್ದು ಒಲೆಯ ಕಡೆ ಹೋಗುತ್ತಿದ್ದವನು ನಾನು. ನಲವತ್ತು ವರ್ಷ ಹೋಟೆಲಿನ ಅಡುಗೆಮನೆಯಲ್ಲಿ ಬೆಂದವನಿಗೆ ಎಲ್ಲದಕ್ಕೂ ಒಂದು ಕಾರಣ ಇರುತ್ತದೆಂದು ಗೊತ್ತಿರುತ್ತದೆ. ಹಿಟ್ಟು ಹುಳಿ ಬರಲಿಲ್ಲವೆಂದರೆ ಅದಕ್ಕೆ ದಿಲ್ಲಿಯ ಚಳಿ ಕಾರಣ. ಹಾಲು ಒಡೆಯಿತೆಂದರೆ ಪಾತ್ರೆ ತೊಳೆದವನ ಸೋಮಾರಿತನ. ದೃಷ್ಟಿ ತಾಗಿತು ಎಂದವರನ್ನು ಕಂಡು ಮುಖದೆದುರೇ ನಕ್ಕಿದ್ದೇನೆ. ಈಗ ಬರೆಯಲು ಹೊರಟಿರುವುದನ್ನು ನೀವು ನಂಬಲೇಬೇಕೆಂದು ಕೇಳುವ ಮುಖ ನನಗಿಲ್ಲ. ಆದರೆ ಇದರಲ್ಲಿ ಅರ್ಧ ಭಾಗ ನನ್ನ ತಪ್ಪೊಪ್ಪಿಗೆ. ಆ ಅರ್ಧವನ್ನಾದರೂ ನಂಬಬೇಕು.

ರಘು ನನ್ನ ಹೆಂಡತಿ ಸರೋಜಳ ತಮ್ಮ. ಅವನನ್ನು ಕುಂದಾಪುರದ ಕಡೆಯಿಂದ ದಿಲ್ಲಿಗೆ ಕರೆತಂದವನು ನಾನೇ. ಜನಕಪುರಿಯಲ್ಲಿ ನಮ್ಮ ಕಡೆಯವರೊಬ್ಬರ ಹೋಟೆಲಿತ್ತು. ಅಲ್ಲಿ ನಾನು ಮುಖ್ಯ ಅಡುಗೆಯವನು, ಅವನು ನನ್ನ ಕೈಕೆಳಗೆ. ಆಗ ಅವನಿಗೆ ಇಪ್ಪತ್ತಾರು ವರ್ಷ. ನನಗಿಂತ ಬೇಗ ಕೆಲಸ ಕಲಿತ. ಕೈಯಲ್ಲಿ ರುಚಿ ಇತ್ತು, ಬಾಯಲ್ಲಿ ತಮಾಷೆ ಇತ್ತು. ಎರಡೂ ನನಗೆ ಸ್ವಲ್ಪ ಹೆಚ್ಚೇ ಅನಿಸುತ್ತಿತ್ತು ಎಂಬುದನ್ನು ಈಗ ಮುಚ್ಚಿಟ್ಟು ಪ್ರಯೋಜನವಿಲ್ಲ.

ನಮ್ಮ ಅಡುಗೆಮನೆಯಲ್ಲಿ ಒಂದು ಕಟ್ಟಳೆ. ಬಿಸಿ ಪಾತ್ರೆ ಹಿಡಿದು ಓಡಾಡುವವನು ಕೂಗಿಕೊಂಡೇ ಹೋಗಬೇಕು. ಎಣ್ಣೆಯಾದರೆ "ಎಣ್ಣೆ ಬಂತು", ಅನ್ನ ಬಸಿದ ಗಂಜಿಯಾದರೆ "ಗಂಜಿ ಬಂತು". ಕೂಗು ಕೇಳಿದವನು ತಲೆ ಎತ್ತಿ ನೋಡುವ ಹಾಗಿಲ್ಲ, ಕಾರಣ ಕೇಳುವ ಹಾಗಿಲ್ಲ, ಕೂತಲ್ಲಿಂದಲೇ ಎಡಕ್ಕೆ ಸರಿಯಬೇಕು. ಜಾಗ ಅಷ್ಟು ಇಕ್ಕಟ್ಟು. ಮಾಲೀಕರೇ ಒಳಗೆ ಬಂದಿದ್ದರೂ ಆ ಕೂಗಿಗೆ ಸರಿಯುತ್ತಿದ್ದರು.

ಒಂದು ಭಾನುವಾರ ನಮ್ಮೂರ ಕಡೆಯ ಸರ್ಕಾರಿ ನೌಕರರ ಗುಂಪೊಂದು ಊಟಕ್ಕೆ ಬಂದಿತ್ತು. ಅನಾನಸಿನ ಗೊಜ್ಜನ್ನು ಹೊಗಳಿದರು. ಅದು ರಘು ಮಾಡಿದ್ದು. ನಾನು ಮಾಡಿದ ಸಾರಿನ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಒಳಗೆ ಬಂದ ರಘು ಎಲ್ಲರೆದುರು ನಗುತ್ತ, "ಏನು ಮಾಡುವುದು, ಭಾವನ ಸಾರಿಗೆ ದಿಲ್ಲಿ ನೀರು ಸೇರಿ ಹೋಗಿದೆ ಮಾರಾಯ್ರೆ" ಎಂದ. ಪಾತ್ರೆ ತೊಳೆಯುವವರೂ ನಕ್ಕರು. ಅಂದಿನಿಂದ ನಾನು ಅವನೊಡನೆ ಮಾತು ಬಿಟ್ಟೆ. ಅವನೂ ಹಟಮಾರಿ, ಒಂದು ದಿನ ನೋಡಿ ಅವನೂ ಬಿಟ್ಟ. ಉಪ್ಪು ಬೇಕಾದರೆ ಮೂರನೆಯವನಿಗೆ ಹೇಳುವುದು, ಅವನು ದಾಟಿಸುವುದು. ಹೀಗೆ ನಾಲ್ಕು ದಿನ.

ಐದನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಅನ್ನ ಬಸಿದು ಗಂಜಿಯ ಬಾಲ್ದಿ ಹಿಡಿದು ನಾನು ಹಿತ್ತಲ ಬಾಗಿಲಿಗೆ ಹೊರಟೆ. ದಾರಿಯಲ್ಲಿ ರಘು ಬೆನ್ನು ಹಾಕಿ ಹೆರೆಮಣೆಯ ಮೇಲೆ ಕೂತು ಕಾಯಿ ತುರಿಯುತ್ತಿದ್ದ. ಕೂಗಬೇಕಿತ್ತು. ಕೂಗಿದರೆ ನಾನೇ ಮೊದಲು ಮಾತಾಡಿದಂತಾಗುತ್ತದೆ ಎಂಬ ಯೋಚನೆ ಬಂತು. ನನಗೆ ಇವತ್ತಿಗೂ ಆ ಯೋಚನೆ ನೆನಪಿದೆ. ತುಟಿ ಬಿಗಿಹಿಡಿದು ಗೋಡೆಗೆ ಒತ್ತಿಕೊಂಡು ನಡೆದೆ. ತುರಿದು ಮುಗಿಸಿದ ಅವನು ಅದೇ ಕ್ಷಣಕ್ಕೆ ಎದ್ದ. ಅವನ ಹೆಗಲು ಬಾಲ್ದಿಗೆ ಬಡಿಯಿತು.

ಕುದಿಯುವ ನೀರಾದರೆ ಹರಿದು ಹೋಗುತ್ತದೆ. ಗಂಜಿ ಹಾಗಲ್ಲ, ಹಿಡಿದುಕೊಳ್ಳುತ್ತದೆ. ಎಡ ಹೆಗಲಿನಿಂದ ಬಲಸೊಂಟದವರೆಗೆ ಅವನ ಚರ್ಮ ಅಂಗಿಯ ಜೊತೆಗೇ ಬಂತು. ಇದಕ್ಕಿಂತ ಹೆಚ್ಚು ಬರೆಯಲಾರೆ.

ಮಾಲೀಕರು ಓಡಿ ಬಂದು ಕೇಳಿದಾಗ ನನ್ನ ಬಾಯಿಂದ ಬಂದ ಮಾತು ಇದು: "ನಾನು ಕೂಗಿದೆ. ಎರಡು ಸಲ ಕೂಗಿದೆ. ಅವನಿಗೆ ಕೇಳಲಿಲ್ಲ." ಪಾತ್ರೆಗಳ ಸದ್ದಿನಲ್ಲಿ ನಾನು ಕೂಗಿದ್ದೋ ಇಲ್ಲವೋ ಬೇರೆ ಯಾರಿಗೂ ಖಾತ್ರಿಯಿರಲಿಲ್ಲ. ಆಸ್ಪತ್ರೆಯಲ್ಲಿ ಎಚ್ಚರವಾದ ಮೇಲೆ ರಘುವೂ ಅದನ್ನೇ ಒಪ್ಪಿಕೊಂಡ. "ಹೌದು, ನನಗೆ ಕೇಳಿಸಲಿಲ್ಲ" ಎಂದ. ಅಲ್ಲಿಂದ ಅವನು ನಮ್ಮವರೊಳಗೆ ಕೆಪ್ಪ ರಘು ಆದ. ಸರೋಜ ಅವನ ಹತ್ತಿರ ಕೂಗಿ ಮಾತಾಡುವುದನ್ನು ರೂಢಿ ಮಾಡಿಕೊಂಡಳು. ಯಾರು ಏನು ಹೇಳಿದರೂ ಅವನು ಒಂದು ಸಲ "ಆಂ?" ಎನ್ನುತ್ತಿದ್ದ. ನಾನು ಹೇಳಿದ ಸುಳ್ಳು ಅವನ ಕಿವಿಯೊಳಗೆ ಹೋಗಿ ನಿಜವಾಗಿಯೇ ಕೂತುಬಿಟ್ಟಿತೆ ಎಂದು ನನಗೆ ಆಗಲೇ ಅನುಮಾನ ಬಂದಿತ್ತು.

ಬೆನ್ನಿನ ಗಾಯ ಒಣಗಿತು. ಆದರೆ ಬಿಸಿಲಿಗಿಟ್ಟ ಹಪ್ಪಳದಂತೆ ಬಿಗಿದು, ಮುದುಡಿ, ಅಂಚು ಎದ್ದ ಚರ್ಮ. ಮುಟ್ಟಿದರೆ ಅವನಿಗೆ ತಿಳಿಯದು. ಬೆವರಂತೂ ಒಂದು ಹನಿಯೂ ಇಲ್ಲ. ಬೆವರದ ಮೈಯಲ್ಲಿ ಒಲೆಯ ಮುಂದೆ ನಿಂತರೆ ಏನಾಗುತ್ತದೆಂದು ಮೊದಲ ಬೇಸಿಗೆಯಲ್ಲೇ ಗೊತ್ತಾಯಿತು. ತಲೆ ತಿರುಗಿ ಬಿದ್ದ. ಅಡುಗೆ ಬಿಟ್ಟು ಪೀತಮ್‌ಪುರದಲ್ಲಿ ನಮ್ಮ ಕಡೆಯ ಸಾಮಾನು ಮಾರುವ ಅಂಗಡಿಯೊಂದರಲ್ಲಿ ನಿಂತ. ಮೇ ಜೂನ್ ತಿಂಗಳಲ್ಲಿ ಅಂಗಿಯೊಳಗೆ ಒದ್ದೆ ಟವೆಲ್ ಹಾಕಿಕೊಂಡೇ ವ್ಯಾಪಾರ. ಇಂಥ ಕೈರುಚಿಯವನು ಮೂವತ್ತು ವರ್ಷ ಉಪ್ಪಿನಕಾಯಿ ಬಾಟಲಿ ಕಟ್ಟಿಕೊಡುವುದನ್ನು ನಾನು ನೋಡಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ಅವನ ಮಗಳು ಶ್ರುತಿ ಅವನನ್ನು ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗತೊಡಗಿದಳು. ಅಲ್ಲಿ ಹಳೆಯ ಸುಟ್ಟ ಕಲೆಗಳಿಗೆ ಲೇಸರ್ ಚಿಕಿತ್ಸೆ. ಬೆಳಕಿನಿಂದಲೇ ಕಲೆಯೊಳಗೆ ಸೂಜಿಮೊನೆಗಿಂತ ಸಣ್ಣ ಸಾವಿರಾರು ತೂತುಗಳನ್ನು ಕೊರೆಯುತ್ತಾರೆ, ಆ ತೂತುಗಳು ಮಾಯುವಾಗ ಒಳಗಿನಿಂದ ಹೊಸ ಚರ್ಮ ಬರುತ್ತದೆ ಎಂದಳು. ನನಗೆ ನಂಬಿಕೆ ಬರಲಿಲ್ಲ. ಸುಟ್ಟದ್ದನ್ನು ಮತ್ತೆ ಸುಟ್ಟರೆ ಸರಿಹೋಗುವುದೆಂದರೇನು? "ತಳ ಹಿಡಿದ ಪಾಯಸವನ್ನು ಮತ್ತೆ ಒಲೆಯ ಮೇಲಿಟ್ಟಂತೆ" ಎಂದೆ. ಶ್ರುತಿ ದಿಲ್ಲಿಯಲ್ಲೇ ಹುಟ್ಟಿ ಬೆಳೆದವಳು, ಶಾಲೆಯ ಟೀಚರು. "ಅರೇ ಮಾವ, ನೀವು ಅಡುಗೆ ನೋಡ್ಕೊಳ್ಳಿ, ಡಾಕ್ಟರ್ ಸ್ಕಿನ್ ನೋಡ್ಕೊಳ್ತಾರೆ, ಠೀಕ್ ಹೈ?" ಎಂದು ಬಾಯಿ ಮುಚ್ಚಿಸಿದಳು.

ಎರಡು ತಿಂಗಳಿಗೊಮ್ಮೆ ಹೋಗುತ್ತಿದ್ದರು. ಮೊದಲು ತುರಿಕೆ ಕಡಿಮೆಯಾಯಿತು. ಆಮೇಲೆ ಬಿಗಿತ ಸಡಿಲವಾಗಿ ಅವನು ಕೈಯೆತ್ತಿ ಅಟ್ಟದ ಡಬ್ಬಿ ಇಳಿಸಿದ. ನಾಲ್ಕನೆಯ ಸಲದ ನಂತರ ಒಂದು ಸಂಜೆ ನಮ್ಮ ಮನೆಯಲ್ಲಿ ಕೂತು, ಚಹಾ ಕುಡಿಯುತ್ತ, "ಭಾವ, ಬೆನ್ನಿಗೆ ಈಗ ಫ್ಯಾನಿನ ಗಾಳಿ ಗೊತ್ತಾಗುತ್ತದೆ" ಎಂದ. ಲೋಟ ಕೆಳಗಿಟ್ಟು, "ಎಲ್ಲ ಒಂದೊಂದೇ ವಾಪಸ್ ಬರ್ತಾ ಇದೆ" ಎಂದ. ಹೇಳಿ ನನ್ನನ್ನು ನೋಡಿದ. ಆ ನೋಟ ನನಗೆ ಹಿಡಿಸಲಿಲ್ಲ. ಚರ್ಮಕ್ಕೆ ತಿಳಿವು ಬರುವುದೆಂದರೆ ಎಷ್ಟರವರೆಗಿನ ತಿಳಿವು? ಇವನಿಗೇನಾದರೂ ನೆನಪಾಗುತ್ತಿದೆಯೆ? ಇವನು ನನ್ನನ್ನು ಪರೀಕ್ಷಿಸುತ್ತಿದ್ದಾನೆಯೆ?

ಮುಂದಿನ ಸಲ ಆಸ್ಪತ್ರೆಯಲ್ಲಿ ಚಿಕಿತ್ಸೆಯಲ್ಲ, ತಪಾಸಣೆ. ಬೆನ್ನಿಗೆ ಎಷ್ಟು ಸ್ಪರ್ಶ ಬಂದಿದೆ, ಬೆವರು ಬರುತ್ತದೆಯೋ ಇಲ್ಲವೋ ನೋಡುತ್ತಾರೆ. ಸರೋಜಳಿಗೆ ಮಂಡಿನೋವು, ಅವಳು ನನ್ನನ್ನು ಕಳಿಸಿದಳು. ರಘುವೂ ಫೋನು ಮಾಡಿ, "ನೀವೇ ಬನ್ನಿ ಭಾವ" ಎಂದ. ನೀವೇ ಎಂದು ಯಾಕೆ ಒತ್ತಿ ಹೇಳಿದ ಎಂದು ಮೆಟ್ರೋದಲ್ಲಿ ಕೂತು ಯೋಚಿಸುತ್ತಲೇ ಇದ್ದೆ.

ಮೇ ತಿಂಗಳು, ಬೆಳಿಗ್ಗೆ ಹನ್ನೊಂದರ ಸುಮಾರು. ಸಣ್ಣ ಕೋಣೆ, ಚಪ್ಪಲಿ ಹೊರಗೆ ಬಿಡಿಸಿದ್ದರು. ಡಾಕ್ಟರಮ್ಮ ಹರಿಯಾಣದ ಕಡೆಯವರು, ನಗುಮುಖ. ಜೊತೆಗೆ ಒಬ್ಬಳು ನರ್ಸ್. ರಘುವನ್ನು ಸ್ಟೂಲಿನ ಮೇಲೆ ಕೂರಿಸಿ, ಎದುರಿನ ಹಾಸಿಗೆಯ ದಿಂಬಿಗೆ ಹಣೆ ಆನಿಸಿ ಕಣ್ಣು ಮುಚ್ಚಿಕೊಳ್ಳಲು ಹೇಳಿದರು. ಮೊದಲು ಹತ್ತಿ, ದಾರ, ಸೂಜಿ, ತಣ್ಣನೆಯ ಮತ್ತು ಬಿಸಿ ನೀರಿನ ಗಾಜಿನ ಕೊಳವೆ. ಎಷ್ಟೋ ಕಡೆ ಸರಿಯಾಗಿ ಹೇಳಿದ. ಆಮೇಲೆ ಬೆವರಿನ ಪರೀಕ್ಷೆ. ಅದಕ್ಕೆ ಬಹಳ ಹೊತ್ತು ಅಲುಗಾಡದೆ ಕೂರಬೇಕು. ಬೇಸರವಾಗದಿರಲೆಂದು ಶ್ರುತಿ ಅವನ ಕಿವಿಗೆ ದೊಡ್ಡ ಹೆಡ್‌ಫೋನ್ ಹಾಕಿ ಯಕ್ಷಗಾನದ ಪದ ಹಚ್ಚಿ, ಕಾರನ್ನು ಬೇರೆ ಕಡೆ ನಿಲ್ಲಿಸಬೇಕೆಂದು ಕೆಳಗೆ ಹೋದಳು. ಚೆಂಡೆಯ ಸದ್ದು ದೂರದಲ್ಲಿ ಕೂತಿದ್ದ ನನಗೂ ಕೇಳುತ್ತಿತ್ತು.

ನರ್ಸ್ ಅವನ ಬೆನ್ನಿಗೆಲ್ಲ ಕಂದು ಬಣ್ಣದ ಔಷಧಿ ಬಳಿದಳು. ಒಣಗಿದ ಮೇಲೆ ಬಿಳಿ ಪುಡಿ ಉದುರಿಸಿದಳು. ಏನೆಂದು ಕೇಳಿದೆ. ಔಷಧಿ ಅಯೋಡಿನ್, ಪುಡಿ ಜೋಳದ ಗಂಜಿಹಿಟ್ಟು; ಬೆವರು ಬಂದ ಕಡೆ ಕಪ್ಪು ನೀಲಿ ಆಗುತ್ತದೆ ಎಂದರು. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಗಂಜಿಗೆ ಅಯೋಡಿನ್ ಬಿಟ್ಟರೆ ನೀಲಿಯಾಗುವುದನ್ನು ಮೇಷ್ಟ್ರು ತೋರಿಸಿದ್ದು ನೆನಪಿತ್ತು. ಆದರೆ ಆ ಬೆನ್ನಿನ ಮೇಲೆ ಮತ್ತೆ ಗಂಜಿ! ನಾನು ಕುರ್ಚಿಯನ್ನು ಬಾಗಿಲ ಕಡೆ ಎಳೆದುಕೊಂಡೆ.

ಏಸಿ ನಿಲ್ಲಿಸಿದರು. ಹತ್ತು ನಿಮಿಷದೊಳಗೆ ಗಾಯವಿಲ್ಲದ ಬಲ ಹೆಗಲೆಲ್ಲ ನೀಲಿಯಾಯಿತು. ಕಲೆಯ ಭಾಗ ಹಾಗೆಯೇ ಒಣಗಿ ಕೂತಿತ್ತು. ಇನ್ನೂ ಐದು ನಿಮಿಷ ಕಾದರು. "ಅಂಕಲ್ ಜೀ, ಜರಾ ಪಂಖಾ ಭೀ ಬಂದ್ ಕರ್ ದೀಜಿಯೇ" ಎಂದರು ಡಾಕ್ಟರಮ್ಮ. ಫ್ಯಾನಿನ ಸ್ವಿಚ್ಚು ರಘುವಿನ ಹಿಂದಿನ ಗೋಡೆಯಲ್ಲಿತ್ತು. ನಾನು ಬರಿಗಾಲಲ್ಲಿ ಎದ್ದು, ಅವನಿಗೆ ತಾಗದಂತೆ ಗೋಡೆಗೆ ಒತ್ತಿಕೊಂಡು ಅವನ ಬೆನ್ನ ಹಿಂದೆ ದಾಟಿದೆ.

"ಮ್ಯಾಡಮ್, ದೇಖಿಯೇ!" ಎಂದಳು ನರ್ಸ್.

ಎಡ ಹೆಗಲಿನ ಮೇಲೆ ಸಾಸಿವೆಯಷ್ಟು ನೀಲಿ ಚುಕ್ಕೆ. ಅದರ ಕೆಳಗೆ ಇನ್ನೊಂದು. ನೋಡುತ್ತಿದ್ದಂತೆಯೇ ಅವು ಸಾಲಾಗಿ ಎಡ ಹೆಗಲಿನಿಂದ ಬಲಸೊಂಟದ ಕಡೆಗೆ ಇಳಿದವು. ಗಂಜಿ ಹರಿದ ದಾರಿ ಅದು. ಅದು ಹರಿದದ್ದನ್ನು ಕಣ್ಣಾರೆ ಕಂಡವನು ಕೋಣೆಯಲ್ಲಿ ನಾನೊಬ್ಬನೇ. ನಾನು ಹೆದರಿ ಕುರ್ಚಿಗೆ ವಾಪಸಾದೆ. ಚುಕ್ಕೆಗಳು ನಿಂತವು. ಮೂಡಿದವು ಅಳಿಯಲಿಲ್ಲ, ಹೊಸದು ಬರಲಿಲ್ಲ ಅಷ್ಟೆ.

ಡಾಕ್ಟರಮ್ಮನಿಗೆ ಖುಷಿ. ಇಷ್ಟು ಹಳೆಯ ಕಲೆಯಲ್ಲಿ ಬೆವರು ಬರುವುದನ್ನು ತಾವು ನಿರೀಕ್ಷಿಸಿರಲಿಲ್ಲ ಎಂದರು. ಫೋಟೋ ತೆಗೆದರು. ನನ್ನನ್ನೂ ಕರೆದು ತೋರಿಸಿದರು. ಹತ್ತಿರ ಹೋದೆ, ಮತ್ತೆ ಚುಕ್ಕೆಗಳು ಬಂದವು. ಹಿಂದೆ ಸರಿದೆ, ನಿಂತವು. ಫ್ಯಾನು ನಿಂತು ಸೆಕೆ ಏರಿದ್ದೇ ಕಾರಣವಿರಬೇಕೆಂದು ನಾನು ನನಗೇ ಹೇಳಿಕೊಂಡೆ. ಇಲ್ಲ, ರಘು ಕಣ್ಣು ತೆರೆದಿರಬೇಕು. ಬಗ್ಗಿ ನೋಡಿದೆ. ದಿಂಬಿನಲ್ಲಿ ಹೂತ ಮುಖ, ಮುಚ್ಚಿದ ಕಣ್ಣು, ಕಿವಿಯಲ್ಲಿ ಚೆಂಡೆ. ಎದುರಿಗೆ ಕನ್ನಡಿಯಿಲ್ಲ, ಸ್ಟೀಲಿನ ತಟ್ಟೆ ಕೂಡ ಇಲ್ಲ. ನಾಟಕವಾಡುತ್ತಿದ್ದಾನೆ ಎಂದುಕೊಂಡರೂ ಬೇಕೆಂದ ಗಳಿಗೆಗೆ ಬೆವರುವ ನಟ ಯಾರಿದ್ದಾನೆ?

ಡಾಕ್ಟರಮ್ಮ ಫೋನು ಬಂತೆಂದು ಹೊರಗೆ ಹೋದರು. ಆಗ ನಾನೇ ಒಂದು ಪರೀಕ್ಷೆ ಮಾಡಿದೆ. ಬಾಗಿಲ ಬಳಿ ನಿಂತು ತಗ್ಗಿದ ದನಿಯಲ್ಲಿ "ಗಂಜಿ ಬಂತು" ಎಂದೆ. ಅವನ ಬೆನ್ನಿಗೆ ಹೇಳಬೇಕಿದ್ದ ಆ ಎರಡು ಶಬ್ದ, ಮೂವತ್ತು ವರ್ಷದ ನಂತರ. ಹೇಳಿ, ಅವನ ಬೆನ್ನ ಹಿಂದೆ ನಿಧಾನ ನಡೆದೆ. ಒಂದು ಚುಕ್ಕೆಯೂ ಬರಲಿಲ್ಲ. ಗೋಡೆಯವರೆಗೆ ಹೋಗಿ ನಿಂತೆ, ಬರಲಿಲ್ಲ. ವಾಪಸು ಬಂದೆ. ಈ ಸಲ ಏನೂ ಹೇಳದೆ ಹೊರಟೆ. ಮೂರನೆಯ ಹೆಜ್ಜೆಗೆ ಸೊಂಟದ ಹತ್ತಿರ ಐದಾರು ಚುಕ್ಕೆ ಒಟ್ಟಿಗೇ ಎದ್ದವು.

"ಕ್ಯಾ ಬೋಲಾ ಆಪ್ನೇ, ಅಂಕಲ್?" ಎಂದು ನರ್ಸ್ ನನ್ನನ್ನು ಒಂದು ಥರ ನೋಡಿದಳು. ನನ್ನ ಅಂಗಿ ಪೂರ್ತಿ ಒದ್ದೆಯಾಗಿತ್ತು. ಅವಳು ನನಗೊಂದು ಲೋಟ ನೀರು ಕೊಟ್ಟಳು.

ಬೆನ್ನು ಒರೆಸಿ, ಅಂಗಿ ತೊಡಿಸಿ, ಕೆಳಗೆ ಬಂದೆವು. ಶ್ರುತಿಯ ಕಾರು ಇನ್ನೂ ಬಂದಿರಲಿಲ್ಲ. ಗೇಟಿನ ಒಳಗೆ ಬೇವಿನ ಮರದ ಕೆಳಗೆ ಒಬ್ಬ ಭಯ್ಯಾ ನಿಂಬೂಪಾನಿ ಮಾರುತ್ತಿದ್ದ. ಎರಡು ಲೋಟ ತೆಗೆದುಕೊಂಡು ಕಟ್ಟೆಯ ಮೇಲೆ ಕೂತೆವು. ನಾನು ಹೇಳಿಬಿಟ್ಟೆ. ತಯಾರಿ ಏನೂ ಇರಲಿಲ್ಲ. "ರಘು, ಅಂದು ನಾನು ಕೂಗಲಿಲ್ಲ. ಮಾತು ಬಿಟ್ಟಿದ್ದೆನಲ್ಲ, ಅದಕ್ಕೆ ಕೂಗಲಿಲ್ಲ. ನಿನ್ನ ಕಿವಿಯಲ್ಲಿ ಏನೂ ತಪ್ಪಿರಲಿಲ್ಲ" ಎಂದೆ. ಮೇಲೆ ನಡೆದದ್ದನ್ನು ಹೇಳಲಿಲ್ಲ.

ಅವನು ಲೋಟದಲ್ಲಿದ್ದ ನಿಂಬೆಯ ಬೀಜವನ್ನು ಬೆರಳಲ್ಲಿ ತೆಗೆದು ಎಸೆದ. "ಆಂ?" ಎನ್ನಲಿಲ್ಲ.

"ಕೂಗಿದಿರಿ ಭಾವ" ಎಂದ. "ನನಗೆ ಕೇಳಿಸಿತ್ತು."

"ಇಲ್ಲ ಮಾರಾಯ, ಇಲ್ಲ. ನಾನು ಬಾಯೇ ಬಿಟ್ಟಿಲ್ಲ."

"ಗಂಜಿ ಬಂತು ಅಂದಿರಿ. ಎರಡು ಸಲ. ನಿಮ್ಮದೇ ಸ್ವರ. ನಾನೂ ಮಾತು ಬಿಟ್ಟಿದ್ದೆನಲ್ಲ? ನೀವು ಹೇಳಿದ ಕೂಡಲೇ ಸರಿಯಬೇಕಾ ಅಂತ ಹಟ ಬಂತು. ಸರಿಯುವ ಬದಲು ಎದ್ದು ನಿಂತೆ. ನಿಮ್ಮನ್ನು ತಡೆಯುವ ಅಂತಲೇ ಎದ್ದದ್ದು." ಹೇಳಿ ನಕ್ಕ. "ಕಿವಿ ಸರಿ ಇದೆ ಅಂದರೆ ಮತ್ತೆ ಯಾಕೆ ಸರಿಯಲಿಲ್ಲ ಅಂತ ಎಲ್ಲರೂ ಕೇಳುತ್ತಿದ್ದರು. ಅದಕ್ಕೆ ಕೆಪ್ಪನಾದೆ. ಅಭ್ಯಾಸ ಆಗಿ ಹೋಯಿತು. ಗಿರಾಕಿಗಳ ಕಿರಿಕಿರಿಯೂ ಕಡಿಮೆ."

ಅಷ್ಟರಲ್ಲಿ ಕಾರು ಬಂತು. ಶ್ರುತಿ ನನ್ನ ಮುಖ ನೋಡಿ, "ಕ್ಯಾ ಹುವಾ? ಮಾವ ಯಾಕೆ ಅಳ್ತಿದ್ದಾರೆ ಪಪ್ಪಾ?" ಎಂದಳು. "ಏನಿಲ್ಲ, ಭಾವನ ಕಣ್ಣಿಗೂ ದಿಲ್ಲಿ ನೀರು ಸೇರಿ ಹೋಗಿದೆ. ಚಲೋ, ಹೋಗುವ" ಎಂದ ರಘು.

ಕ್ಷಮೆ ಸಿಕ್ಕಿತಲ್ಲ ಎಂದು ನೀವು ಹೇಳಬಹುದು. ನನಗೆ ಹಾಗನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಭಾವ ಮುದುಕನಾದ, ಪಾಪ, ಹೊರೆ ಇಳಿಸೋಣ ಎಂದು ಆ ಕಥೆ ಕಟ್ಟಿದನೆ? ಅಥವಾ ನನ್ನ ತಪ್ಪನ್ನು ನನ್ನ ಕೈಯಿಂದ ಕಿತ್ತುಕೊಂಡು ಸೇಡು ತೀರಿಸಿಕೊಂಡನೆ? ಅಷ್ಟು ಸರಾಗವಾಗಿ ಹೇಳಿದ್ದೇ ನನಗೆ ಅನುಮಾನ. ಆದರೆ ಎರಡು ಸಲ ಕೂಗಿದೆ ಎಂದು ಮಾಲೀಕರ ಹತ್ತಿರ ನಾನು ಹೇಳುವಾಗ ಅವನಿಗೆ ಪ್ರಜ್ಞೆ ಇರಲಿಲ್ಲ. ಆಮೇಲೆ ಯಾರಾದರೂ ಹೇಳಿರಬಹುದು. ಇರಬಹುದು. ಅವನ ಕಿವಿ ಕೂಗಿದಿರಿ ಎನ್ನುತ್ತದೆ, ಅವನ ಬೆನ್ನು ಕೂಗಲಿಲ್ಲ ಎನ್ನುತ್ತದೆ, ಎರಡೂ ಒಬ್ಬನ ಮೈಯಲ್ಲೇ ಇವೆ. ನನ್ನ ಬಾಯಿ ಅಂದು ಮುಚ್ಚಿತ್ತು. ಇದೊಂದರಲ್ಲಿ ಮಾತ್ರ ನನಗೆ ಸಂಶಯವಿಲ್ಲ.

ಸರೋಜಳಿಗೂ ಹೇಳಿದೆ. ಎರಡು ದಿನ ಅವಳು ನನ್ನೊಡನೆ ಮಾತು ಬಿಟ್ಟಳು. ಮೂರನೆಯ ದಿನ ಅನ್ನ ಬಡಿಸುತ್ತ, "ಮೂವತ್ತು ವರ್ಷ ಅವನ ಹತ್ತಿರ ಕೂಗಿ ಕೂಗಿ ನನ್ನ ಗಂಟಲು ಹೋಯಿತಲ್ಲ, ನೀವಿಬ್ಬರೂ ಸೇರಿ!" ಎಂದಳು. ಅಷ್ಟೇ ಹೇಳಿದಳು. ಬೇರೆ ಏನನ್ನು ಹೇಳದೆ ಉಳಿಸಿಕೊಂಡಿದ್ದಾಳೋ ಗೊತ್ತಿಲ್ಲ.

ಆ ಮೇಲೆ ರಘುವಿನ ಬೆನ್ನು ಇನ್ನಷ್ಟು ಸುಧಾರಿಸಿತು. ಪೂರ್ತಿಯಲ್ಲ; ಸೊಂಟದ ಹತ್ತಿರ ಈಗಲೂ ಒಣಗಿದ ತೇಪೆಯಂತಿದೆ. ಆದರೆ ಬೇಸಿಗೆಯಲ್ಲಿ ಒದ್ದೆ ಟವೆಲಿಲ್ಲದೆ ಒಂದು ಗಂಟೆ ಒಲೆಯ ಮುಂದೆ ನಿಲ್ಲುತ್ತಾನೆ. ಹಬ್ಬ ಬಂದರೆ ನಮ್ಮ ಮನೆಗೆ ಬಂದು ಗೊಜ್ಜು ಮಾಡುತ್ತಾನೆ. ನಾನಂತೂ ಅವನ ಹಿಂದೆ ಹೋಗುವಾಗ ಬರಿಗೈಯಾದರೂ "ಬಂದೆ, ಬಂದೆ" ಎಂದು ಹೇಳಿಕೊಂಡೇ ಹೋಗುವುದು. ಬೆವರಿನ ಪರೀಕ್ಷೆಗೆ ಮತ್ತೆ ನಾನು ಹೋಗಲಿಲ್ಲ. ಅವನು ಕರೆದ, ಮಂಡಿನೋವೆಂದೆ.

ಕಳೆದ ಯುಗಾದಿಯ ಬೆಳಿಗ್ಗೆ ಅವನು ನಮ್ಮ ಅಡುಗೆಮನೆಯ ನೆಲದಲ್ಲಿ ಹೆರೆಮಣೆ ಹಾಕಿ ಬಾಗಿಲಿಗೆ ಬೆನ್ನು ಮಾಡಿ ಕಾಯಿ ತುರಿಯುತ್ತಿದ್ದ. ಸರೋಜ ಒಲೆಯ ಹತ್ತಿರ ಇದ್ದಳು. ನಾನು ನೀರಿಗೆಂದು ಬಂದು ಬಾಗಿಲಲ್ಲಿ ನಿಂತೆ. ಬಂದೆ ಎನ್ನಬೇಕೆಂದು ಬಾಯಿ ತೆರೆದವನಿಗೆ ಏನನ್ನಿಸಿತೋ, ಹಾಗೆಯೇ ಮುಚ್ಚಿಕೊಂಡೆ. ಒಂದು ಹೆಜ್ಜೆ ಇಟ್ಟೆ. ತಲೆ ಎತ್ತದೆ, ಕೈ ನಿಲ್ಲಿಸದೆ, ರಘು ಕೂತಲ್ಲಿಂದಲೇ ಎಡಕ್ಕೆ ಸರಿದ.

"ಕೇಳಿಸ್ತು, ಹೋಗಿ ಭಾವ" ಎಂದ.

ನಾನು ಸರೋಜಳನ್ನು ನೋಡಿದೆ. "ನಾನು ಏನಾದರೂ ಅಂದೆನಾ?"

"ಇಲ್ಲವಲ್ಲ" ಎಂದಳು ಅವಳು.

ನಾನು ಬಗ್ಗಿ ಅವನ ಬೆನ್ನು ನೋಡಿದೆ. ಬಿಳಿ ಅಂಗಿ, ಒಲೆಯ ಸೆಕೆ. ಬಲ ಹೆಗಲು ಒದ್ದೆಯಾಗಿತ್ತು. ಎಡ ಹೆಗಲಿನಿಂದ ಸೊಂಟದವರೆಗೆ ಬಟ್ಟೆ ಒಣಗಿತ್ತು, ನಾನು ಕೂಗಿಕೊಂಡೇ ಬಂದಿದ್ದರೆ ಇರುವ ಹಾಗೆ.